ನಲವತ್ತೊಂದು ಮಕ್ಕಳ ತಾಯಿ

ಒಂಬತ್ತನೇ ಹಾಸಿಗೆಯ ಮೇಲೆ ಹತ್ತು ವರ್ಷದಿಂದ ಯಾರೂ ಮಲಗಿರಲಿಲ್ಲ.

ಅದನ್ನು ತಿಳಿಯಲು ಪತ್ತೇದಾರಿಕೆಯೇನೂ ಬೇಕಿರಲಿಲ್ಲ. ತುಕ್ಕು ಹಿಡಿದ ಕಬ್ಬಿಣದ ಮಂಚ, ಅಂಚು ಹರಿದ ರೆಕ್ಸಿನ್ ಹಾಸು, ಅದರ ಮೇಲೆ ದಪ್ಪನೆಯ ಧೂಳು. ಒಡೆದ ಕಿಟಕಿಯಿಂದ ಮರುಭೂಮಿಯ ಬಿಸಿಗಾಳಿ ನುಗ್ಗಿ, ಗೋಡೆಗೆ ತೂಗುಹಾಕಿದ್ದ ಹಳೆಯ ತೂಕದ ಚಾರ್ಟನ್ನು ಪಟಪಟ ಬಡಿಯುತ್ತಿತ್ತು.

ಇನ್ಸ್‌ಪೆಕ್ಟರ್ ರಾಧಿಯಾ ತ್ರಿಕಿ ಹಾಸಿನ ಮೇಲೆ ಬೆರಳಿಂದ ಗೆರೆ ಎಳೆದಳು. ಗೆರೆ ಆಳವಾಗಿ ಬಿತ್ತು.

"ಇನ್ನೊಂದು ಸಲ ಓದಿ" ಅಂದಳು.

ಹೊಸ್ತಿಲಾಚೆಯೇ ನಿಂತಿದ್ದ ವಜ್ದಿ ಕಮ್ಮೂನ್ ಕೈಯಲ್ಲಿದ್ದ ಕಾಗದ ನೋಡಿದ. ಆರೋಗ್ಯ ಇಲಾಖೆಯ ಡೇಟಾಬೇಸ್ ನೋಡಿಕೊಳ್ಳುವ ಎಂಜಿನಿಯರ್. ನಲವತ್ತೈದರ ದಢೂತಿ ಆಸಾಮಿ. ರಾಜಧಾನಿ ಟ್ಯುನಿಸ್‌ನಿಂದ ಬೆಳಗಿನ ರೈಲಿಗೆ ಈ ಬಂದರು ಊರು ಸ್ಫಾಕ್ಸ್‌ಗೆ ಬಂದಿಳಿದವನು ಆಗಿನಿಂದಲೂ ಬೆವರುತ್ತಲೇ ಇದ್ದ.

"ಇನ್ಸಾಫ್. ವಯಸ್ಸು ಇಪ್ಪತ್ತೆರಡು. ಸೋಮವಾರ ಬೆಳಿಗ್ಗೆ ಹತ್ತು ನಲವತ್ತಕ್ಕೆ ಹೆರಿಗೆ. ಗಂಡು. ಸತ್ತು ಹುಟ್ಟಿದ್ದು. ಹಾಸಿಗೆ ಸಂಖ್ಯೆ ಒಂಬತ್ತು."

"ಈ ಹಾಸಿಗೆ?"

"ಆಸ್ಪತ್ರೇಲಿ ಒಂಬತ್ತು ಅಂತ ಇರೋದು ಇದೊಂದೇ."

"ಒಳಗೆ ಬಂದು ನೋಡಬಾರದಾ?"

"ಇಲ್ಲಿಂದಲೇ ಚೆನ್ನಾಗಿ ಕಾಣುತ್ತೆ ಮೇಡಂ. ಹೆರಿಗೆ ನಿಂತ ಕೋಣೆಗೆ ಕಾಲಿಡಬಾರದು ಅಂತ ನಮ್ಮಜ್ಜಿ ಹೇಳೋಳು."

"ನಿಜವಾಗಲೂ ಹೇಳ್ತಿದ್ರಾ?"

"ಇಲ್ಲ. ಆದ್ರೆ ಇಲ್ಲಿಗೆ ಬಂದಿದ್ರೆ ಹೇಳೋಳು."

ರಾಧಿಯಾಗೆ ನಗು ಬರಲಿಲ್ಲ. ಮಗು ಸತ್ತು ಹುಟ್ಟಿತು ಎಂದು ಆಸ್ಪತ್ರೆ ಹೇಳುತ್ತಿತ್ತು; ಅತ್ತಿತ್ತು ಎಂದು ಇನ್ಸಾಫ್ ಹೇಳುತ್ತಿದ್ದಳು. ಹೆಣವನ್ನು ಯಾರಿಗೂ ತೋರಿಸಿರಲಿಲ್ಲ. ಮೂರು ದಿನದಿಂದ ಇದ್ದದ್ದು ಇಷ್ಟೇ.

ಬೆಳಿಗ್ಗೆ ಅವಳು ಮತ್ತೆ ಇನ್ಸಾಫಳ ಬಳಿ ಹೋಗಿದ್ದಳು. ಹುಡುಗಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅಂಗಿಯ ಎದೆಭಾಗ ಒದ್ದೆಯಾಗಿತ್ತು.

"ಒಂದೇ ಸಲ ಅತ್ತಿದ್ದು ಮೇಡಂ. ಬೆಕ್ಕಿನ ಮರಿ ಹಾಗೆ. ಆಮೇಲೆ ಮುಖಕ್ಕೆ ಏನೋ ಹಿಡಿದ್ರು, ನಿದ್ದೆ ಬಂತು. ಎದ್ದಾಗ ಡಾಕ್ಟರು ಹೀಗೆ ಅಂದ್ರು. ನಾನೂ ನಂಬಿಬಿಡ್ತಿದ್ದೆನೋ ಏನೋ. ಇದು ನಂಬ್ತಾ ಇಲ್ಲ ನೋಡಿ" ಎಂದು ತನ್ನ ಎದೆ ತೋರಿಸಿದ್ದಳು.

ಆಸ್ಪತ್ರೆಯ ಮುಖ್ಯಸ್ಥ ಡಾಕ್ಟರ್ ಗರ್ಗೂರಿಯದು ಬೇರೆಯೇ ರಾಗ. "ದುಃಖದಲ್ಲಿರೋ ಹೆಂಗಸಿಗೆ ಏನೇನೋ ಕೇಳಿಸುತ್ತೆ ಇನ್ಸ್‌ಪೆಕ್ಟರ್. ಕಂಪ್ಯೂಟರ್ ದಾಖಲೆ ನೋಡ್ಕೊಳ್ಳಿ. ಅದಕ್ಕೆ ದುಃಖ ಇಲ್ಲ." ಬಾಗಿಲವರೆಗೂ ಬಂದು ಬೀಳ್ಕೊಟ್ಟಿದ್ದ. ಅಷ್ಟು ಮರ್ಯಾದೆ ಅವಳಿಗೆ ಹಿಡಿಸಿರಲಿಲ್ಲ.

ಸರಿ, ನೋಡೋಣ ಎಂದೇ ಅವಳು ವಜ್ದಿಯನ್ನು ಕರೆಸಿದ್ದು.

* * *

ದಾಖಲೆ ಕೋಣೆಯಲ್ಲಿ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸಿ ತಿರುಗಿಸಿ ಕೊಡುತ್ತಿತ್ತು. ವಜ್ದಿ ಕಂಪ್ಯೂಟರಿನ ಮುಂದೆ ಕೂತ ಕೂಡಲೇ ಬೇರೆ ಮನುಷ್ಯನಾದ. ಬೆನ್ನು ನೆಟ್ಟಗಾಯಿತು, ಬೆವರು ನಿಂತಿತು.

"ಇನ್ಸಾಫ್ ತಾನು ಹೆತ್ತದ್ದು ಎಲ್ಲಿ ಅಂತಾಳೆ?"

"ಕಿಟಕಿ ಪಕ್ಕದ ಹಾಸಿಗೆ. ಅಲ್ಲಿಂದ ಬಂದರಿನ ಕ್ರೇನು ಕಾಣ್ತಿತ್ತಂತೆ. ಅದು ಮೂರನೇದು."

"ಹಾಗಾದ್ರೆ ಮೂರನೇ ಹಾಸಿಗೇಲಿ ಆ ಹೊತ್ತಿಗೆ ಯಾರಿದ್ರು ನೋಡೋಣ." ಕೀಲಿ ಒತ್ತಿದ. ಓದಿದ. ಆಮೇಲೆ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದ. "ಸೋಮವಾರ, ಹತ್ತು ನಲವತ್ತು. ಗಂಡು ಮಗು. ಮೂರು ಕಿಲೋ ನೂರು ಗ್ರಾಂ. ಜೀವಂತ."

"ತಾಯಿ?"

"ಮಬ್ರೂಕಾ ಮಸ್ಮೂದಿ."

ಸೋಮವಾರ ಹೆರಿಗೆ ಕೋಣೆಗೆ ಹೋದವರ ಹೆಸರೆಲ್ಲ ರಾಧಿಯಾಗೆ ಬಾಯಿಪಾಠವಾಗಿತ್ತು. ಅದರಲ್ಲಿ ಮಬ್ರೂಕಾ ಎಂಬ ಹೆಂಗಸು ಇರಲಿಲ್ಲ.

"ಇನ್ಸಾಫಳನ್ನ ಒಂಬತ್ತಕ್ಕೆ ಯಾಕೆ ತಳ್ಳಿದ್ರು? ಆ ಕೋಣೆಗೆ ಬೀಗ ಹಾಕಿ ಹತ್ತು ವರ್ಷ ಆಗಿದೆ. ಕಳ್ಳ ಇಷ್ಟು ದಡ್ಡನಾ?"

"ದಡ್ಡ ಅಲ್ಲ, ಮೇಡಂ. ಬೇರೆ ದಾರಿ ಇರಲಿಲ್ಲ." ವಜ್ದಿ ಒಂದು ಕಾಗದ ಎಳೆದುಕೊಂಡು ಮೂರು ಚೌಕ ಬರೆದ. "ಇದರಲ್ಲಿ ತಾಯಂದಿರ ಪಟ್ಟಿ, ಇದರಲ್ಲಿ ಮಕ್ಕಳದ್ದು, ಇದರಲ್ಲಿ ಹಾಸಿಗೆಗಳದ್ದು. ಒಂದೊಂದಕ್ಕೂ ಗಂಟು ಹಾಕಿರ್ತೀವಿ. ಪ್ರತಿ ಮಗೂನೂ ಒಬ್ಬ ತಾಯಿಯ ಕಡೆ ಬೆರಳು ತೋರಿಸಬೇಕು. ತೋರಿಸದಿದ್ರೆ ಯಂತ್ರ ಆ ಮಗುವನ್ನ ಒಳಗೇ ಬಿಡಲ್ಲ. ಹಾಗೇ ಒಂದು ಹಾಸಿಗೆ ಮೇಲೆ ಒಂದೇ ಹೊತ್ತಿಗೆ ಎರಡು ಹೆರಿಗೆ ಬರೆದ್ರೂ ಒಪ್ಪಲ್ಲ."

"ಮುಂದೆ?"

"ಮಗುವಿನ ಕೈಗೆ ಕಟ್ಟೋ ಪಟ್ಟಿ ಹಾಸಿಗೆ ಪಕ್ಕದ ಯಂತ್ರದಲ್ಲೇ ಅಚ್ಚಾಗೋದು. ಮೂರು ಅಂತ ಅಚ್ಚಾಯ್ತು ಅಂದ್ರೆ ಮೂರೇ, ತಿದ್ದೋಕಾಗಲ್ಲ. ಆ ಮಗುವನ್ನ ಮಬ್ರೂಕಾಳ ಮಡಿಲಿಗೆ ಹಾಕಿದ ಮೇಲೆ ಇನ್ಸಾಫಳಿಗೆ ಆ ಹಾಸಿಗೆ ಇಲ್ಲ. ಅವತ್ತು ಎಂಟೂ ಹಾಸಿಗೆ ತುಂಬಿದ್ವು. ಒಂಬತ್ತನ್ನ ಹಾಸಿಗೆಗಳ ಪಟ್ಟಿಯಿಂದ ಯಾರೂ ಅಳಿಸಿರಲಿಲ್ಲ, ಅವಳನ್ನ ಅಲ್ಲಿಗೆ ಹಾಕಿದ್ರು."

ಸುಳ್ಳಿಗೂ ಮಲಗಲು ಒಂದು ಮಂಚ ಬೇಕಾಯಿತು ಎಂದುಕೊಂಡಳು ರಾಧಿಯಾ. ಮೂರು ದಿನದಲ್ಲಿ ಮೊದಲ ಸಲ ಅವಳಿಗೆ ನೆಲ ಕಾಲಿಗೆ ಸಿಕ್ಕ ಹಾಗಾಯಿತು. ಮಗು ಬದುಕಿದೆ. ಎಲ್ಲೋ ಇದೆ.

"ಈ ಮಬ್ರೂಕಾಗೆ ಬೇರೆ ಮಕ್ಕಳಿದ್ದಾರಾ?"

"ನೋಡ್ತೀನಿ."

ಪರದೆ ತುಂಬಿತು. ವಜ್ದಿ ಕೆಳಗೆ ಸರಿಸಿದ. ಮತ್ತೆ ತುಂಬಿತು. ಅವನು ಸರಿಸುತ್ತಲೇ ಹೋದ. ಗಂಡು, ಹೆಣ್ಣು, ಹೆಣ್ಣು, ಗಂಡು. ಒಂದೊಂದಕ್ಕೂ ತೂಕ, ಹೊತ್ತು, ದಿನ. ಇಪ್ಪತ್ತೆರಡು ವರ್ಷಗಳಲ್ಲಿ ಹುಟ್ಟಿದ ಮಕ್ಕಳು ಸಾಲಾಗಿ ಮೇಲಕ್ಕೆ ಏರಿ ಮರೆಯಾದರು.

"ಎಷ್ಟು?"

"ನಲವತ್ತೊಂದು." ಅವನ ಬೆರಳು ಒಂದು ಸಾಲಿನ ಮೇಲೆ ನಿಂತಿತು. "ಒಂದು ಕಡೆ ಎರಡು ಹೆರಿಗೆ ನಡುವೆ ಹನ್ನೊಂದು ದಿನ ಇದೆ ಮೇಡಂ."

"ಅದಕ್ಕೊಂದು ನಿಯಮ ಇಟ್ಟಿರಲಿಲ್ವಾ?"

"ವಯಸ್ಸಿಗೆ ಇಟ್ಟಿದ್ದೆ. ಹನ್ನೆರಡಕ್ಕಿಂತ ಚಿಕ್ಕವಳು, ಐವತ್ತೈದಕ್ಕಿಂತ ದೊಡ್ಡವಳು ಹೆತ್ತಳು ಅಂದ್ರೆ ಒಪ್ಪಬಾರದು ಅಂತ. ಈಕೆಗೆ ಐವತ್ತಮೂರು. ಹನ್ನೊಂದು ದಿನಕ್ಕೆ ಹೆರೋಳು ಇರ್ತಾಳೆ ಅಂತ ಯಾರು ಕನಸು ಕಾಣ್ತಾರೆ?" ಪಟ್ಟಿಯನ್ನು ಮತ್ತೆ ಮೊದಲಿಗೆ ಸರಿಸಿದ: "ಒಂದು ನಿಯಮಾನೂ ಮುರಿದಿಲ್ಲ. ನಿಯಮ ಅರ್ಧ ಸುಳ್ಳನ್ನ ಹಿಡಿಯುತ್ತೆ. ಪೂರ್ತಿ ಸುಳ್ಳು ತಂದ್ರೆ ಸಲಾಂ ಹೊಡೆದು ಒಳಗೆ ಬಿಡುತ್ತೆ. ಈ ನಿಯಮಗಳನ್ನ ಬರೆದೋನು ನಾನೇ."

ಕಾರಿಡಾರಿನಲ್ಲಿ ಎಲ್ಲೋ ಒಂದು ಮಗು ಅತ್ತಿತು. ಹೆರಿಗೆ ಆಸ್ಪತ್ರೆ, ಅಳದೆ ಇರುತ್ತವೆಯೇ. ಆದರೂ ಇಬ್ಬರೂ ಬಾಗಿಲ ಕಡೆ ತಿರುಗಿ ನೋಡಿದರು.

"ಇಷ್ಟನ್ನೂ ಬರೆದದ್ದು ಯಾರ ಹೆಸರಲ್ಲಿ?"

"ಒಂದೇ ಹೆಸರು. ಮುಖ್ಯ ಸೂಲಗಿತ್ತಿ. ಶೆಡ್ಲಿಯಾ ಮಸ್ಮೂದಿ."

"ಮಸ್ಮೂದಿ."

"ಸಂಬಂಧ ಇರಬೇಕು ಅಂತೇನಿಲ್ಲ ಮೇಡಂ. ಈ ಊರಲ್ಲಿ ಕಲ್ಲೆಸೆದ್ರೆ ಮಸ್ಮೂದಿ ಮನೆ ಮೇಲೇ ಬೀಳುತ್ತೆ ಅಂತಾರೆ."

"ನೀವು ಈ ಮಬ್ರೂಕಾಳ ಗುರುತಿನ ಸಂಖ್ಯೆ ಯಾರದು ಅಂತ ಟ್ಯುನಿಸ್‌ಗೆ ಫೋನ್ ಮಾಡಿ ಕೇಳಿ" ಎಂದು ರಾಧಿಯಾ ಎದ್ದಳು. "ನಾನು ಕಲ್ಲೆಸೆದು ಬರ್ತೀನಿ."

* * *

ಶೆಡ್ಲಿಯಾ ದಾದಿಯರ ಕೋಣೆಯಲ್ಲಿ ಬಿಳಿ ಬಟ್ಟೆ ಮಡಿಸುತ್ತ ಕೂತಿದ್ದಳು. ಅರವತ್ತೊಂದು ವಯಸ್ಸು, ದಪ್ಪ ಕನ್ನಡಕ, ನೀರಲ್ಲೇ ಬದುಕು ಕಳೆದವರಂಥ ಸುಕ್ಕುಗಟ್ಟಿದ ಬೆರಳು. ಅರ್ಧ ಸ್ಫಾಕ್ಸ್ ಆ ಬೆರಳುಗಳ ಮೂಲಕವೇ ಈ ಲೋಕಕ್ಕೆ ಬಂದದ್ದು. ಮುಂದಿನ ತಿಂಗಳು ನಿವೃತ್ತಿ. ಊರಿನವರೆಲ್ಲ ಅವಳನ್ನು ಗೌರವದಿಂದ 'ಲೆಲ್ಲಾ', ಅಂದರೆ ಅಮ್ಮಾ, ಎಂದೇ ಕರೆಯುತ್ತಿದ್ದರು.

"ಕೂತ್ಕೋ ಮಗಳೇ. ಚಹಾ ಕುಡೀತೀಯಾ? ಬಾದಾಮಿ ಹಾಕಿದ್ದೀನಿ."

"ಬೇಡ ಲೆಲ್ಲಾ ಶೆಡ್ಲಿಯಾ. ಒಂದು ಮಾತು ಕೇಳೋಕೆ ಬಂದೆ. ಮಬ್ರೂಕಾ ಯಾರು?"

ಬಟ್ಟೆ ಮಡಿಸುತ್ತಿದ್ದ ಕೈ ನಿಂತಿತು. ಮತ್ತೆ ಮಡಿಸತೊಡಗಿತು.

"ಆ ಹೆಸರು ಎಲ್ಲಿ ಸಿಕ್ತು?"

"ನಿಮ್ಮ ಕಂಪ್ಯೂಟರಲ್ಲಿ. ನಲವತ್ತೊಂದು ಮಕ್ಕಳ ತಾಯಿ."

"ಮೂರು" ಎಂದಳು ಶೆಡ್ಲಿಯಾ ತಟ್ಟನೆ. ಅಂದ ಮೇಲೆ ತಾನೇನು ಅಂದೆ ಎಂದು ಹೊಳೆದು ಕಣ್ಣು ಮುಚ್ಚಿದಳು.

ರಾಧಿಯಾ ಕುರ್ಚಿ ಎಳೆದು ಎದುರಿಗೆ ಕೂತಳು. "ಆ ಮೂರರ ಕಥೆಯನ್ನೇ ಹೇಳಿ."

"ನಿನಗೆ ಮಕ್ಕಳಿದ್ದಾರಾ?"

"ಇಲ್ಲ."

"ಹೆತ್ತಿದ್ರೆ ಗೊತ್ತಾಗ್ತಿತ್ತು ನಿಂಗೆ."

"ಹೆತ್ತವಳು ಒಬ್ಬಳು ಪಕ್ಕದ ವಾರ್ಡಲ್ಲಿ ಮಲಗಿದ್ದಾಳೆ, ಎದೆ ಹಾಲು ಅಂಗಿಗೆ ಇಳೀತಿದೆ. ಅವಳಿಗೆ ಗೊತ್ತಾಗೋ ಹಾಗೆ ಹೇಳಿ, ಸಾಕು."

ಆ ಮಾತು ನಾಟಿತು. ಶೆಡ್ಲಿಯಾ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಇಪ್ಪತ್ತೆರಡು ವರ್ಷದ ಹಿಂದೆ. ಕಂಪ್ಯೂಟರ್ ಬಂದು ಎರಡು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಗೇಟಿನ ಹತ್ರ, ಆಲಿವ್ ಕಾಯಿ ತುಂಬೋ ಬುಟ್ಟೀಲಿ ಒಂದು ಹೆಣ್ಣುಕೂಸು. ಹೊಕ್ಕಳಬಳ್ಳಿ ಹಸಿ ಇತ್ತು. ಬರಕೊಳ್ಳೋಣ ಅಂತ ಕೂತೆ. ತಾಯಿ ಹೆಸರು ಖಾಲಿ ಬಿಟ್ರೆ ಆ ಯಂತ್ರ ಬೇಡ ಅನ್ನುತ್ತೆ. ಯಾರೂ ಇಲ್ಲ ಅಂತ ಬರೆದೆ, ಬೇಡ ಅನ್ನುತ್ತೆ. ಬರೆಯದೆ ಕೈಪಟ್ಟಿ ಇಲ್ಲ, ಪಟ್ಟಿ ಇಲ್ಲದೆ ಹಾಲಿಲ್ಲ, ಚುಚ್ಚುಮದ್ದಿಲ್ಲ. ಟ್ಯುನಿಸ್‌ಗೆ ಫೋನ್ ಮಾಡಿದ್ರೆ, ತಾಯಿ ಇಲ್ಲದೆ ಮಗು ಹೇಗಮ್ಮಾ ಹುಟ್ಟುತ್ತೆ ಅಂತ ನಕ್ಕುಬಿಟ್ರು."

"ಆಗ ಒಂದು ಹೆಸರು ಕಟ್ಟಿದ್ರಿ."

"ಕಟ್ಟಲಿಲ್ಲ. ಇತ್ತು." ಅವಳ ದನಿ ಇಳಿಯಿತು. "ನನ್ನ ತಂಗಿ. ಅದರ ಹಿಂದಿನ ವರ್ಷ ಹೆರಿಗೇಲೇ ಹೋದಳು. ಮಗುವೂ ಉಳೀಲಿಲ್ಲ. ಅವಳ ಗುರುತಿನ ಚೀಟಿ ನನ್ನ ಚೀಲದಲ್ಲೇ ಇತ್ತು. ಅದರ ಸಂಖ್ಯೆ ಹಾಕಿದೆ, ಯಂತ್ರ ಸುಮ್ಮನಾಯ್ತು. ಅಯ್ಯೋ, ಬದುಕಿದ್ದಾಗ ಅವಳಿಗೆ ಒಂದೂ ದಕ್ಕಲಿಲ್ಲ, ಕಾಗದದಲ್ಲಾದರೂ ಒಂದು ಇರಲಿ ಅನ್ನಿಸ್ತು. ಆಮೇಲೆ ಇನ್ನೆರಡು ಕೂಸು, ಅವೂ ಗೇಟಿನ ಹತ್ರ ಸಿಕ್ಕಿದ್ದು. ಮೂರೂ ಅನಾಥಾಶ್ರಮಕ್ಕೆ ಹೋದ್ವು. ಮೂರೂ ಚೆನ್ನಾಗಿವೆ. ಒಬ್ಬಳಿಗೆ ಮದುವೆ ಆಯ್ತು, ಹೋಗಿ ಬಂದೆ."

"ಉಳಿದ ಮೂವತ್ತೆಂಟು?"

"ನನಗೆ ಗೊತ್ತಿಲ್ಲ."

"ಎಲ್ಲಾ ನಿಮ್ಮ ಹೆಸರಲ್ಲೇ ಬರೆದಿದೆ."

"ನನ್ನ ಹೆಸರು, ಗುಪ್ತಪದ ಎರಡನ್ನೂ ಚೀಟೀಲಿ ಬರೆದು ಅಲ್ಲಿ ಬೀರು ಬಾಗಿಲಿಗೆ ಅಂಟಿಸಿದ್ದೀನಿ, ನೋಡು. ನೆನಪಿರಲ್ಲ ನಂಗೆ. ದಾದಿಯರಿಂದ ಹಿಡಿದು ದೊಡ್ಡ ಡಾಕ್ಟರವರೆಗೂ ಎಲ್ಲರೂ ಅದನ್ನೇ ಒತ್ತೋದು. ಸೋಮವಾರ ನಾನು ಇಲ್ಲಿ ಇರಲೇ ಇಲ್ಲ ಮಗಳೇ. ಕಣ್ಣಾಸ್ಪತ್ರೇಲಿ ಕಣ್ಣಿಗೆ ಹನಿ ಹಾಕಿಸಿಕೊಂಡು, ಸಂಜೆವರೆಗೂ ನನ್ನ ಕೈ ನನಗೇ ಕಾಣ್ತಿರಲಿಲ್ಲ."

"ಗೊತ್ತು. ವಿಚಾರಿಸಿದೆ. ಅದಕ್ಕೇ ನಿಮ್ಮನ್ನ ಠಾಣೆಗೆ ಕರೆಸಲಿಲ್ಲ."

ಶೆಡ್ಲಿಯಾ ಒಂದು ಬಟ್ಟೆ ಎತ್ತಿಕೊಂಡಳು, ಮಡಿಸಲಿಲ್ಲ. "ಮೂವತ್ತೆಂಟು ತಾಯಂದಿರು" ಅಂದಳು. "ಮೂವತ್ತೆಂಟು ಜನಕ್ಕೆ ನಿನ್ನ ಕೂಸು ಸತ್ತುಹೋಯ್ತು ಅಂತ ಹೇಳಿರ್ತಾರೆ. ಅವರಲ್ಲಿ ಎಷ್ಟು ಜನಕ್ಕೆ ನಾನೇ ಸಮಾಧಾನ ಹೇಳಿದ್ದೀನೋ. ಬಾಗಿಲು ತೆಗೆದು ಕೊಟ್ಟೋಳು ನಾನು."

ಅವಳು ಅಳಲಿಲ್ಲ. ಅತ್ತಿದ್ದರೆ ರಾಧಿಯಾಗೆ ಸುಲಭವಾಗುತ್ತಿತ್ತು.

ಆಗ ವಜ್ದಿ ಬಾಗಿಲಲ್ಲಿ ಕಾಣಿಸಿಕೊಂಡ. ಫೋನು ಇನ್ನೂ ಕೈಯಲ್ಲೇ ಇತ್ತು.

"ಮೇಡಂ, ಸ್ವಲ್ಪ ಹೊರಗೆ..."

"ಇಲ್ಲೇ ಹೇಳಿ. ಆ ಸಂಖ್ಯೆ ಇವರ ತಂಗಿಯದು. ತೀರಿಕೊಂಡು ಇಪ್ಪತ್ತಮೂರು ವರ್ಷ ಆಗಿದೆ."

ವಜ್ದಿ ಇಬ್ಬರ ಮುಖವನ್ನೂ ನೋಡಿದ. "ಅದೇ ತೊಡಕು. ಹೋದ ವರ್ಷ ಇನ್ನೊಂದು ನಿಯಮ ಸೇರಿಸಿದ್ದೀವಿ. ತಾಯಿಯ ಸಂಖ್ಯೆ ಸರ್ಕಾರದ ಜನರ ಪಟ್ಟೀಲಿ ಬದುಕಿರೋರದ್ದೇ ಆಗಿರಬೇಕು. ಸತ್ತವರ ಸಂಖ್ಯೆ ಕೊಟ್ರೆ ಯಂತ್ರ ಒಪ್ಪಲ್ಲ. ಸೋಮವಾರ ಒಪ್ಪಿದೆ."

"ಸಾವನ್ನ ಯಾರೂ ನೋಂದಾಯಿಸಿರಲಿಕ್ಕಿಲ್ಲ" ಅಂದಳು ರಾಧಿಯಾ.

"ನಾನೂ ಹಾಗೇ ಅಂದ್ಕೊಂಡೆ. ಅದಕ್ಕೇ ಮತ್ತೆ ಕೇಳಿದೆ." ಅವನು ಫೋನನ್ನು ಜೇಬಿಗಿಳಿಸಿದ. "ಎರಡು ವರ್ಷದ ಹಿಂದೆ ಆ ಗುರುತಿನ ಚೀಟಿ ಹೊಸದು ಮಾಡಿಸಿದ್ದಾರೆ. ಅದಕ್ಕೆ ಖುದ್ದಾಗಿ ಹೋಗಬೇಕು, ಹೆಬ್ಬೆಟ್ಟು ಒತ್ತಬೇಕು. ಹದಿನೆಂಟನೇ ವಯಸ್ಸಲ್ಲಿ ಒತ್ತಿದ ಹೆಬ್ಬೆಟ್ಟನ್ನ ತೆಗೆದು ಪಕ್ಕದಲ್ಲಿಟ್ಟು ನೋಡಿದ್ರಂತೆ. ಎರಡೂ ಒಂದೇ."

ಚಹಾದ ಮೇಲೆ ಬಾದಾಮಿ ಚೂರುಗಳು ಮೆಲ್ಲಗೆ ತಿರುಗುತ್ತಿದ್ದವು.

ರಾಧಿಯಾ ತನ್ನ ಕಡತದಿಂದ ಒಂದು ಹಾಳೆ ತೆಗೆದಳು. ದಾಖಲೆ ಕೋಣೆಯಿಂದ ಬರುವಾಗ ಅಚ್ಚು ಹಾಕಿಸಿಕೊಂಡು ಬಂದದ್ದು, ಸೋಮವಾರ ಸಂಜೆ ಆ ಮಗುವನ್ನು ಮನೆಗೆ ಕರೆದೊಯ್ದವರ ರಸೀದಿ. ಕೆಳಗೆ ತಾಯಿಯ ಸಹಿ.

"ಇದನ್ನ ನೋಡಿ ಲೆಲ್ಲಾ."

ಶೆಡ್ಲಿಯಾ ಕನ್ನಡಕ ಹಾಕಿಕೊಂಡಳು. ಹಾಳೆಯನ್ನು ಕಣ್ಣಿಗೆ ಹತ್ತಿರ ತಂದಳು, ದೂರ ಹಿಡಿದಳು. ಅರಬಿ ಲಿಪಿಯಲ್ಲಿ ಮಬ್ರೂಕಾ ಎಂಬುದರ ಎರಡನೇ ಅಕ್ಷರದ ಕೆಳಗೆ ಒಂದು ಚುಕ್ಕೆ ಇರಬೇಕು. ಸಹಿಯಲ್ಲಿ ಚುಕ್ಕೆ ಇರಲಿಲ್ಲ. ಅದರ ಬದಲು ಸಾಸಿವೆಯಷ್ಟು ಚಿಕ್ಕ ಸೊನ್ನೆ ಇತ್ತು.

"ಹೀಗೆ ಬರೆಯಬೇಡ್ವೇ ಅಂತ ಅಪ್ಪ ಎಷ್ಟು ಬೈಯ್ಯೋರು" ಎಂದಳು. ಮಾತು ರಾಧಿಯಾಗಲ್ಲ, ಹಾಳೆಗೆ. "ಚುಕ್ಕೆ ಬಡಪಾಯಿ ಥರ ಕಾಣುತ್ತೆ ಅನ್ನೋಳು."

"ತಂಗಿಯ ಹೆಣವನ್ನ ನೀವು ನೋಡಿದ್ರಾ?"

"ಇಲ್ಲ." ಹಾಳೆಯನ್ನು ಮಡಿಲಿಗೆ ಇಳಿಸಿದಳು. "ಆ ವಾರ, ಮುಂದೆ ಬರೋ ಕಂಪ್ಯೂಟರ್ ಕಲಿಯೋಕೆ ಅಂತ ನನ್ನನ್ನ ಟ್ಯುನಿಸ್‌ಗೆ ಕಳಿಸಿದ್ರು. ಬೆಳಿಗ್ಗೆ ಸತ್ತಳಂತೆ, ಸಂಜೆಯೊಳಗೆ ಮಣ್ಣು ಮಾಡಿದ್ರಂತೆ. ಬಿಸಿಲ ದಿನ, ಯಾರು ಕಾಯ್ತಾರೆ? ಅವಳ ಗಂಡ ನನ್ನನ್ನ ನೇರ ಖಬರಸ್ತಾನಕ್ಕೆ ಕರ್ಕೊಂಡು ಹೋದ. ಮಣ್ಣು ಇನ್ನೂ ಹಸಿ ಇತ್ತು."

"ನಿಮ್ಮನ್ನ ಟ್ಯುನಿಸ್‌ಗೆ ಕಳಿಸಿದ್ದು ಯಾರು?"

"ಡಾಕ್ಟರ್ ಗರ್ಗೂರಿ. ಆಗ ಅವರಿನ್ನೂ ಹೊಸಬರು."

ರಾಧಿಯಾ ಆ ಹೆಸರನ್ನು ಬರೆದುಕೊಳ್ಳಲಿಲ್ಲ. ಬರೆಯುವ ಅಗತ್ಯವಿರಲಿಲ್ಲ.

"ಈಗ್ಲೂ ಆ ಗೋರಿಗೆ ಹೋಗ್ತೀರಾ?"

"ಶುಕ್ರವಾರ ಶುಕ್ರವಾರ. ತಲೆಕಡೆಯ ಕಲ್ಲಲ್ಲಿ ಒಂದು ಬಟ್ಟಲು ಕೊರೆಸಿದ್ದೀನಿ, ಹಕ್ಕಿಗಳು ನೀರು ಕುಡೀಲಿ ಅಂತ. ಬಾಟಲೀಲಿ ನೀರು ತಗೊಂಡು ಹೋಗ್ತೀನಿ. ಹೋಗ್ತೀನಿ, ಆದ್ರೆ..."

ನಿಲ್ಲಿಸಿದಳು. ಹಾಳೆಯ ಮೇಲಿನ ಸಹಿಯನ್ನು ಮತ್ತೆ ನೋಡಿದಳು.

"ಆದ್ರೆ ಏನು?"

"ಆ ಬಟ್ಟಲು ಯಾವತ್ತೂ ಖಾಲಿ ಇರಲ್ಲ ಮಗಳೇ. ಇಂಥ ಗಾಳಿ ಬೀಸೋ ದಿನದಲ್ಲೂ. ನಾನು ಹೋಗೋ ಮುಂಚೇನೇ ಯಾರೋ ತುಂಬಿಸಿರ್ತಾರೆ, ತುಳುಕೋ ಹಾಗೆ. ಅವಳ ಗಂಡ ಇರಬೇಕು ಅಂದ್ಕೊಂಡಿದ್ದೆ. ಅವನು ಸತ್ತ ಮೇಲೂ ತುಂಬಿರ್ತಿತ್ತು. ಅವನ ಮನೆಯವರು ಇರಬೇಕು ಅಂದ್ಕೊಂಡು ಕೇಳಿದೆ. ನಮ್ಮಲ್ಲಿ ಯಾರೂ ಹೋಗಲ್ಲ ಅಂದ್ರು. ಯಾರೋ ಪುಣ್ಯಾತ್ಮರು ಅಂತ ಸುಮ್ಮನಾದೆ."

ರಾಧಿಯಾ ಗೋಡೆಯ ಕ್ಯಾಲೆಂಡರ್ ನೋಡಿದಳು. ಇವತ್ತು ಗುರುವಾರ.

"ನಾಳೆ ನಿಮಗಿಂತ ಮೊದಲು ನಾನು ಅಲ್ಲಿರ್ತೀನಿ" ಅಂದಳು. "ಆ ನೀರು ಹಾಕೋ ಕೈ ಯಾರದು ಅಂತ ನೋಡೇಬಿಡ್ತೀನಿ. ಮಗು ಎಲ್ಲಿದೆ ಅಂತ ಆ ಕೈಗೇ ಗೊತ್ತಿರಬೇಕು."

ಶೆಡ್ಲಿಯಾ ಅವಳ ಮಣಿಕಟ್ಟು ಹಿಡಿದುಕೊಂಡಳು. ಸಾವಿರಾರು ಮಕ್ಕಳನ್ನು ಎಳೆದುಕೊಂಡ ಹಿಡಿತ, ಉಕ್ಕಿನಂತಿತ್ತು.

"ಅದು ನನ್ನ ಮಬ್ರೂಕಾನೇ ಆದ್ರೆ" ಎಂದಳು, "ಯಾರಿಗೆ ನೀರು ಹಾಕ್ತಿದ್ದಾಳೆ ಅವಳು? ಒಳಗೆ ಮಲಗಿರೋದು ಯಾರು?"